ಸೈಡ್ ಮಿರರ್‌ನಲ್ಲಿ ಮಿನುಗೋ ದೀಪದ ಹಿಂದಿನ ಕಥೆ

ನಮ್ಮ ಮಾವ ಕೋಲಾರದಲ್ಲಿ ಪಿಕಪ್ ಗಾಡಿಯಲ್ಲಿ ಟೊಮೆಟೊ ಸಾಗಿಸ್ತಾರೆ. ಒಂದು ದಿನ ಎಡಕ್ಕೆ ತಿರುಗುವಾಗ ಕ್ಯಾಬಿನ್ ಪಕ್ಕದಲ್ಲೇ ಬರ್ತಿದ್ದ ಬೈಕ್ ಹುಡುಗನಿಗೆ ಇಂಡಿಕೇಟರ್ ಕಾಣಲಿಲ್ಲ. ಕೂದಲೆಳೆಯಲ್ಲಿ ಪಾರಾದ. ಮರುದಿನವೇ ಸೈಡ್ ಮಿರರ್‌ಗಳಿಗೆ ಎಲ್‌ಇಡಿ ಇಂಡಿಕೇಟರ್ ಹಾಕಿಸಿದ್ವಿ.

'ನಾನು ತಿರುಗ್ತಿದ್ದೀನಿ' ಅಂತ ಪಕ್ಕದವರಿಗೆ ತಿಳಿಸೋ ಈ ಪ್ರಯತ್ನಕ್ಕೆ ನೂರು ವರ್ಷ ದಾಟಿದೆ. 1914ರ ಸುಮಾರಿಗೆ ಮೂಕಿಚಿತ್ರಗಳ ನಟಿ ಫ್ಲಾರೆನ್ಸ್ ಲಾರೆನ್ಸ್ ಕಾರಿಗೆ ಒಂದು 'ಸಿಗ್ನಲ್ ಕೈ' ರೂಪಿಸಿದರು. ಗುಂಡಿ ಒತ್ತಿದರೆ ಹಿಂದೆ ಪಟ್ಟಿ ಏಳುತ್ತಿತ್ತು. ಪೇಟೆಂಟ್ ಮಾತ್ರ ಮಾಡಿಸಲಿಲ್ಲ. 1939ರಲ್ಲಿ ಬ್ಯೂಕ್ ಕಾರುಗಳು ಮಿನುಗುವ ದೀಪದೊಂದಿಗೇ ಕಾರ್ಖಾನೆಯಿಂದ ಬಂದವು. 1962ರಲ್ಲಿ ನಿಕ್ ಹೊಲೊನ್ಯಾಕ್ ಕೆಂಪು ಎಲ್‌ಇಡಿ ಬೆಳಗಿಸಿದರು. 1998ರ ಮರ್ಸಿಡಿಸ್ ಎಸ್-ಕ್ಲಾಸ್‌ನಲ್ಲಿ ಇಂಡಿಕೇಟರ್ ಕನ್ನಡಿಗೇ ಏರಿತು.

ನಮ್ಮ ಮೆಕ್ಯಾನಿಕ್ ಹುಮ್ಮಸ್ಸಲ್ಲಿ ಹಳೇ ಬಲ್ಬ್‌ಗಳನ್ನೂ ತೆಗೆದು ಎಲ್‌ಇಡಿ ಹಾಕಿಬಿಟ್ರು. ದೀಪಗಳು ಪಟಪಟ ಅಂತ ಬಡ್ಕೊಳ್ಳೋಕೆ ಶುರು! ಎಲ್‌ಇಡಿ ಎಳೆಯೋ ಕರೆಂಟ್ ಕಮ್ಮಿ. ಹಳೇ ಫ್ಲಾಷರ್ ರಿಲೇ 'ಬಲ್ಬ್ ಹೋಗಿದೆ' ಅಂದ್ಕೊಂಡಿತ್ತು. ಎಲ್‌ಇಡಿಗೆ ಹೊಂದೋ ರಿಲೇ ಹಾಕಿದ್ಮೇಲೆ ಸರಿಹೋಯ್ತು.

ಹೋದ ವಾರ ಅದೇ ತಿರುವು. ಪಕ್ಕದಲ್ಲಿ ಇನ್ನೊಂದು ಬೈಕ್. ಕನ್ನಡಿ ಮಿನುಗಿತು, ಬೈಕ್ ನಿಧಾನವಾಯ್ತು. ಮಾವ ಏನೂ ಮಾತಾಡದೆ ಗಾಡಿ ತಿರುಗಿಸಿದ್ರು.