ಥಗ್ಗರು, ತಂತಿ ಕಳ್ಳರು ಮತ್ತು ಕಲ್ಯಾಣಪ್ಪನ ಕಾಟಕಾಯಿ

ನಮ್ಮೂರು ಬಂಟ್ವಾಳ. ಅಮ್ಮನ ತವರು ಬೆಳ್ತಂಗಡಿ ಕಡೆ. ಬೇಸಿಗೆ ರಜೆಯಲ್ಲಿ ಮೊಮ್ಮಕ್ಕಳೆಲ್ಲ ಸೇರಿ ಅಂಗಳದಲ್ಲಿ ಒಣಗಲು ಹಾಕಿದ ಹಪ್ಪಳ, ಡಬ್ಬಿಯಲ್ಲಿದ್ದ ಬೆಲ್ಲ ಎಲ್ಲ ಖಾಲಿ ಮಾಡಿದಾಗ ಅಜ್ಜಿ ಬಯ್ಯುತ್ತಿದ್ದದ್ದು ಒಂದೇ ಮಾತು. "ಎಂತ ಇದು, ಕಲ್ಯಾಣಪ್ಪನ ಕಾಟಕಾಯಿಯಾ?" ಕಾಟಕಾಯಿ ಅಂದರೆ ಲೂಟಿ, ಕೊಳ್ಳೆ. ಹಾಗಾಗಿ ಈ ಕಲ್ಯಾಣಪ್ಪ ಯಾರೋ ಭಾರೀ ದರೋಡೆಕೋರ ಇರಬೇಕು ಅಂತಲೇ ನಾನು ನಂಬಿದ್ದೆ. ಮೂಡುಬಿದಿರೆಯಲ್ಲಿ ಇಂಜಿನಿಯರಿಂಗ್ ಓದುವಾಗ ಹಾಸ್ಟೆಲ್ಲಿನಲ್ಲಿ ಹಾಗೇ ಹೇಳಿಯೂ ಬಿಟ್ಟೆ. ಸುಳ್ಯದ ರೂಮ್‌ಮೇಟ್ ಎರಡು ದಿನ ನನ್ನ ಹತ್ತಿರ ಮಾತಾಡಲಿಲ್ಲ ಮಾರಾಯ್ರೆ!

ಅದು ಮತ್ತೆ ನೆನಪಾದದ್ದು 'ಥಗ್ ಲೈಫ್' ಸಿನಿಮಾದಿಂದ. ಕನ್ನಡದ ಬಗ್ಗೆ ಕಮಲ ಹಾಸನ್ ಆಡಿದ ಮಾತಿಗೆ ಗಲಾಟೆಯಾಗಿ 2025ರ ಜೂನ್‌ನಲ್ಲಿ ಅದು ಬೇರೆ ಕಡೆ ತೆರೆಕಂಡ ದಿನ ಕರ್ನಾಟಕದಲ್ಲಿ ಬಿಡುಗಡೆಯಾಗಲಿಲ್ಲ. ಎಲ್ಲರೂ ಭಾಷೆ ಭಾಷೆ ಅಂತ ಜಗಳಾಡುತ್ತಿದ್ದರೆ ನನ್ನ ತಲೆಗೆ ಹೊಕ್ಕ ಹುಳ ಬೇರೆಯದೇ. ಈ 'ಥಗ್' ಅನ್ನುವ ಶಬ್ದ ಎಲ್ಲಿಂದ ಬಂತು?

ಬಂದದ್ದು ನಮ್ಮಿಂದಲೇ. ಸಂಸ್ಕೃತದ 'ಸ್ಥಗ', ಅಂದರೆ ಮರೆಮಾಚುವವನು, ಹಿಂದಿಯಲ್ಲಿ 'ಠಗ್' ಆಯಿತು. ನಮ್ಮ 'ಠಕ್ಕ' ಕೂಡ ಅದರ ನೆಂಟನೇ. ಕಥೆಯ ಠಕ್ಕ ನರಿ ನೆನಪಿದೆಯಲ್ಲ? ಅದು ಮೋಸ ಮಾಡುತ್ತದೆ, ಕತ್ತು ಹಿಸುಕುವುದಿಲ್ಲ. ಅಂದರೆ ಕನ್ನಡ ಇವತ್ತಿಗೂ ಹಳೆಯ ಅರ್ಥವನ್ನೇ ಉಳಿಸಿಕೊಂಡಿದೆ.

ಹಾಗಾದರೆ ಕತ್ತು ಹಿಸುಕುವವರು? ದಾರಿಹೋಕರ ಜೊತೆ ಸ್ನೇಹ ಬೆಳೆಸಿ, ಉರುಲು ಹಾಕಿ ಕೊಂದು ದೋಚುವ ಗುಂಪುಗಳು ಇದ್ದದ್ದು ನಿಜ. ದಕ್ಷಿಣದಲ್ಲಿ ಅವರಿಗೆ 'ಫಾಂಸಿಗಾರ'ರೆಂಬ ಹೆಸರಿತ್ತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬೆಂಗಳೂರಿನ ಸುತ್ತಮುತ್ತ ಸುಮಾರು ನೂರು ಜನ ಸಿಕ್ಕಿಬಿದ್ದರು. ಮದರಾಸಿನ ಡಾಕ್ಟರ್ ಶೆರ್‌ವುಡ್ 1816ರಲ್ಲಿ ಅವರ ಬಗ್ಗೆ ಬರೆದ ಲೇಖನದಲ್ಲಿ ಕನ್ನಡದ ಹೆಸರೂ ಇದೆ: 'ತಂತಿ ಕಳ್ಳರು'. ಎಂಥಾ ಕರೆಕ್ಟ್ ಹೆಸರು ನೋಡಿ. ಏನು ಮಾಡುತ್ತಾರೋ ಅಷ್ಟೇ ಹೇಳುತ್ತದೆ.

ಆಮೇಲೆ ಬಂದ ಕಂಪೆನಿ ಅಧಿಕಾರಿ ಸ್ಲೀಮನ್, ಇವರದ್ದು ಇಡೀ ದೇಶಕ್ಕೆ ಹಬ್ಬಿದ, ಕಾಳಿಯ ಹೆಸರಿನಲ್ಲಿ ಕೊಲ್ಲುವ ಒಂದೇ ಪಂಥ ಅಂತ ಪ್ರಚಾರ ಮಾಡಿದ. ಇದರಲ್ಲಿ ನಿಜವೆಷ್ಟು, ಕಂಪೆನಿಯ ಕಲ್ಪನೆಯೆಷ್ಟು ಅಂತ ಇತಿಹಾಸಕಾರರು ಇನ್ನೂ ಚರ್ಚಿಸುತ್ತಾರೆ. 1836ರ 30ನೇ ಕಾಯಿದೆಯಂತೂ ವಿಚಿತ್ರ. ಇಂಥ ಕೊಲೆ ಮಾಡಿದ ಅಂತ ತೋರಿಸಬೇಕಿಲ್ಲ. ಯಾವತ್ತೋ ಥಗ್ಗರ ಗುಂಪಿಗೆ ಸೇರಿದ್ದ ಅಂತ ಸಾಬೀತಾದರೆ ಜೀವಾವಧಿ! 'ಥಗ್' ಅಂದರೆ ಯಾರು ಅಂತ ಕಾಯಿದೆ ಹೇಳಲೇ ಇಲ್ಲ. ಡಿಕ್ಲೇರ್ ಮಾಡದ ವೇರಿಯೇಬಲ್ ಥರ, ಯಾವ ವ್ಯಾಲ್ಯೂ ಬೇಕಾದರೂ ಹಾಕಬಹುದು :-)

ಮೆಡೋಸ್ ಟೇಲರ್ ಬರೆದ 'ಕನ್‌ಫೆಶನ್ಸ್ ಆಫ್ ಎ ಥಗ್' ಕಾದಂಬರಿ 1839ರಲ್ಲಿ ಹೊರಬಂದ ಮೇಲೆ ಶಬ್ದ ಇಂಗ್ಲೆಂಡಿನಲ್ಲೆಲ್ಲ ಓಡಾಡತೊಡಗಿತು. ಮುಂದೆ ನಮ್ಮ ಸುರಪುರದಲ್ಲಿ ಕಂಪೆನಿ ಅಧಿಕಾರಿಯಾಗಿದ್ದ ಟೇಲರ್ ಇವರೇ. ಅದೇ ವರ್ಷ ಕಾರ್ಲೈಲ್ ತನ್ನ 'ಚಾರ್ಟಿಸಂ' ಪುಸ್ತಕದಲ್ಲಿ 'ಗ್ಲಾಸ್ಗೋ ಥಗ್ಗರ' ಮಾತೆತ್ತಿದ. ಅವರು ಯಾರು ಗೊತ್ತೇ? 1837ರಲ್ಲಿ ಮುಷ್ಕರ ಹೂಡಿದ್ದ ಹತ್ತಿ ಗಿರಣಿಯ ಕಾರ್ಮಿಕರು. ಆಗ ಒಂದು ಕೊಲೆ ನಡೆದಿತ್ತು ನಿಜ, ಆದರೆ ಸಂಘದ ಮುಖಂಡರ ಮೇಲೆ ಆ ಆರೋಪ ಸಾಬೀತಾಗಲಿಲ್ಲ. ಶಬ್ದ ಮಾತ್ರ ಅಂಟಿಕೊಂಡಿತು.

1837 ಅಂದಕೂಡಲೇ ನನಗೆ ರೂಮ್‌ಮೇಟ್ ನೆನಪಾದ. ಕಾಟಕಾಯಿಯ ವರ್ಷವೂ ಅದೇ!

1834ರಲ್ಲಿ ಕೊಡಗನ್ನು ನುಂಗಿದ ಕಂಪೆನಿ, ಅದರಲ್ಲಿದ್ದ ಸುಳ್ಯ-ಪುತ್ತೂರು ಸೀಮೆಯನ್ನು ಕೆನರಾ ಜಿಲ್ಲೆಗೆ ಸೇರಿಸಿತು. ಅರಸರ ಕಾಲದಲ್ಲಿ ಬೆಳೆಯ ರೂಪದಲ್ಲಿ ಕೊಡುತ್ತಿದ್ದ ಕಂದಾಯವನ್ನು ರೈತರು ಇನ್ನು ನಗದಾಗಿ ಕಟ್ಟಬೇಕು. 1837ರ ಮಾರ್ಚ್ ಕೊನೆಗೆ ಕೆದಂಬಾಡಿ ರಾಮಯ್ಯ ಗೌಡರ ಮುಂದಾಳುತನದಲ್ಲಿ ಜನ ಎದ್ದರು. ಪುಟ್ಟಬಸಪ್ಪನನ್ನು ರಾಜವಂಶದ ಕಲ್ಯಾಣಸ್ವಾಮಿ ಅಂತ ಮುಂದೆ ನಿಲ್ಲಿಸಿದರು. ಅವನೇ ನಮ್ಮಜ್ಜಿಯ ಕಲ್ಯಾಣಪ್ಪ. ಬೆಳ್ಳಾರೆಯ ಖಜಾನೆ ಹಿಡಿದು, ಪುತ್ತೂರು ದಾಟಿ ನಮ್ಮ ಬಂಟ್ವಾಳ ಸೀಮೆಗೆ ಬಂದಾಗ ನಂದಾವರದ ಲಕ್ಷ್ಮಪ್ಪ ಬಂಗರಸ ಜೊತೆಗೂಡಿದ. ಬಂಗರಸರ ಹಳೆಯ ಬಂಗಾಡಿ ಇರುವುದು ಅಜ್ಜಿಯ ಬೆಳ್ತಂಗಡಿ ತಾಲೂಕಿನಲ್ಲೇ. ಏಪ್ರಿಲ್ 5ರಂದು ಮಂಗಳೂರಿನ ಬಾವುಟಗುಡ್ಡೆಯಲ್ಲಿ ಇವರ ಬಾವುಟ ಏರಿತು. ಹದಿಮೂರು ದಿನ ಊರು ಇವರ ಕೈಯಲ್ಲಿತ್ತು. ಕಣ್ಣೂರು ಕಡೆಯಿಂದ ಪಡೆ ಬಂದ ಮೇಲೆ ಎಲ್ಲ ಮುಗಿಯಿತು. ಪುಟ್ಟಬಸಪ್ಪ, ಬಂಗರಸರನ್ನು ಬಿಕರ್ನಕಟ್ಟೆಯಲ್ಲಿ, ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಅಕ್ಟೋಬರ್ 31ರಂದು ಮಡಿಕೇರಿಯಲ್ಲಿ ಗಲ್ಲಿಗೇರಿಸಿದರು.

ಖಜಾನೆ ದೋಚಿದ್ದು ಸುಳ್ಳಲ್ಲ. ಆದರೆ ಆ ಒಂದು ಕೆಲಸವನ್ನೇ ಇಡೀ ಘಟನೆಗೆ ಹೆಸರಾಗಿ ಇಟ್ಟರೆ ಕಂದಾಯ, ಬಾವುಟ, ನೇಣು ಎಲ್ಲವೂ ಅದರಡಿ ಮುಚ್ಚಿಹೋಗುತ್ತದೆ. ದಾರಿಯಲ್ಲಿ ಕೊಲ್ಲುತ್ತಿದ್ದ ತಂತಿ ಕಳ್ಳರು ಬೇರೆ, ಕಂದಾಯಕ್ಕೆ ಎದ್ದು ನಿಂತ ರೈತರು ಬೇರೆ. ಗೆದ್ದವರು ಕೊಟ್ಟ ಶಬ್ದಕ್ಕೆ ಆ ವ್ಯತ್ಯಾಸ ಬೇಕಿಲ್ಲ. ಬೇಸರ ಏನೆಂದರೆ ಆ ಶಬ್ದವನ್ನು ಇಷ್ಟು ವರ್ಷ ಹೊತ್ತು ತಿರುಗಿದ್ದು ಇಂಗ್ಲಿಷರಲ್ಲ, ಬಂಗರಸನ ಸೀಮೆಯ ನಾವೇ.

ಈಚೆಗೆ ಎರಡು ತಿದ್ದುಪಡಿ ಆಗಿದೆ. 2022ರ ನವೆಂಬರ್‌ನಲ್ಲಿ ಬಾವುಟಗುಡ್ಡೆಯಲ್ಲಿ ರಾಮಯ್ಯ ಗೌಡರ ಪ್ರತಿಮೆ ಬಂತು. ಹಳೆಯ ದಂಡಸಂಹಿತೆಯ 310, 311ನೇ ಕಲಮುಗಳಲ್ಲಿ ಉಳಿದಿದ್ದ 'ಥಗ್', 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇಲ್ಲ.

ಅಜ್ಜಿ ಈಗಿಲ್ಲ. ಮೊನ್ನೆ ರೂಮ್‌ಮೇಟ್‌ಗೆ ಫೋನ್ ಮಾಡಿ "ಆವತ್ತು ಹೇಳಿದ್ದು ತಪ್ಪಾಯ್ತು" ಅಂದೆ. "ಯಾವತ್ತು? ಎಂತ ಹೇಳಿದ್ದು?" ಅಂದ. ಅವನಿಗೆ ಮರೆತೇಹೋಗಿತ್ತು. ನಾನೇ ಎಲ್ಲ ಮೊದಲಿಂದ ಹೇಳಬೇಕಾಯಿತು.