ಮಹಿಳಾ ಆರೋಗ್ಯ ಮತ್ತು ಸಾಮಾಜಿಕ ನೀತಿ ಸಂಶೋಧನೆಯಲ್ಲಿ ಜನರ ಪಾಲು

ಮಹಿಳೆಯರ ಆರೋಗ್ಯ, ದುಡಿಮೆ, ಸುರಕ್ಷತೆ ಹಾಗೂ ಅವರಿಗಾಗಿ ಸರ್ಕಾರ ರೂಪಿಸುವ ಯೋಜನೆಗಳನ್ನು ಕುರಿತ ಅಧ್ಯಯನಗಳಲ್ಲಿ ವೃತ್ತಿಪರ ಸಂಶೋಧಕರಲ್ಲದವರು ವಹಿಸುವ ಪಾತ್ರ. ಸಮೀಕ್ಷೆಗೆ ಉತ್ತರ ಕೊಡುವ ಗೃಹಿಣಿ, ಮನೆಮನೆಗೆ ಹೋಗಿ ವಿವರ ಬರೆದುಕೊಳ್ಳುವ ಕಾರ್ಯಕರ್ತೆ, ಬಾಣಂತಿಯ ಸಾವಿನ ಹಿಂದಿನ ಕಥೆ ಹೇಳುವ ಮನೆಯವರು, ನೈತಿಕ ಸಮಿತಿಯಲ್ಲಿ ಕೂರುವ ಸಾಮಾನ್ಯ ಸದಸ್ಯರು, ತಪ್ಪು ಪ್ರಯೋಗದ ವಿರುದ್ಧ ನ್ಯಾಯಾಲಯದ ಮೆಟ್ಟಿಲು ಹತ್ತಿದ ಸಂಘಟನೆಗಳು ಇದರಲ್ಲಿ ಸೇರುತ್ತಾರೆ. ಭಾರತದಲ್ಲಿ ಈ ಕ್ಷೇತ್ರದ ಮುಖ್ಯ ತಿರುವುಗಳಲ್ಲಿ ಹಲವು, ಯಾವ ಪ್ರಶ್ನೆ ಕೇಳಬೇಕು ಎಂಬುದನ್ನು ಹೆಂಗಸರೇ ತೋರಿಸಿಕೊಟ್ಟಾಗ ಬಂದಿವೆ.

ಹಿನ್ನೆಲೆ

ಭಾರತದ ಮಹಿಳೆಯರ ಸ್ಥಾನಮಾನ ಕುರಿತು ಅಧ್ಯಯನ ಮಾಡಲು ಕೇಂದ್ರ ಸರ್ಕಾರ 1971ರಲ್ಲಿ ಸಮಿತಿಯೊಂದನ್ನು ನೇಮಿಸಿತು. ಫುಲ್‌ರೇಣು ಗುಹ ಅಧ್ಯಕ್ಷೆಯಾಗಿದ್ದ, ವೀಣಾ ಮಜುಂದಾರ್ ಸದಸ್ಯ ಕಾರ್ಯದರ್ಶಿಯಾಗಿದ್ದ ಈ ಸಮಿತಿಯ ವರದಿ 1974ರ ಕೊನೆಗೆ ಸಿದ್ಧವಾಯಿತು. ಸಾವಿರ ಗಂಡಸರಿಗೆ 1901ರಲ್ಲಿ 972ರಷ್ಟಿದ್ದ ಹೆಂಗಸರ ಸಂಖ್ಯೆ 1971ರ ಹೊತ್ತಿಗೆ 930ಕ್ಕೆ ಇಳಿದಿತ್ತು. ಈ ಅಂಕಿಗಳು ಜನಗಣತಿಯ ಪುಸ್ತಕಗಳಲ್ಲಿ ಮೊದಲಿನಿಂದಲೂ ಇದ್ದವು. ಅವುಗಳನ್ನು ಒಟ್ಟಿಗಿಟ್ಟು, ಸ್ವಾತಂತ್ರ್ಯ ಬಂದ ಮೇಲೂ ಹೆಣ್ಣಿನ ಬದುಕು ಹಲವು ವಿಷಯಗಳಲ್ಲಿ ಹಿಂದೆ ಸರಿದಿದೆ ಎಂದು ಸರ್ಕಾರದ ಸಮಿತಿಯೇ ಹೇಳಿದ್ದು ದೇಶವನ್ನು ಬೆಚ್ಚಿಬೀಳಿಸಿತು. ಮಹಿಳಾ ಅಧ್ಯಯನ ಎಂಬ ಜ್ಞಾನಶಿಸ್ತು ಇಲ್ಲಿ ಬೇರೂರಿದ್ದು ಈ ವರದಿಯ ನಂತರ. ದೆಹಲಿಯ ಮಹಿಳಾ ಅಭಿವೃದ್ಧಿ ಅಧ್ಯಯನ ಕೇಂದ್ರ 1980ರಲ್ಲಿ ಆರಂಭವಾಯಿತು.

1970ರ ದಶಕದಲ್ಲೇ ಮೈಸೂರು ಮೂಲದ ಅರ್ಥಶಾಸ್ತ್ರಜ್ಞೆ ದೇವಕಿ ಜೈನ್ ರಾಜಸ್ಥಾನ ಮತ್ತು ಪಶ್ಚಿಮ ಬಂಗಾಳದ ಕೆಲವು ಹಳ್ಳಿಗಳಲ್ಲಿ, ಹೆಂಗಸರು ದಿನದ ಹೊತ್ತನ್ನು ಯಾವ ಯಾವ ಕೆಲಸದಲ್ಲಿ ಕಳೆಯುತ್ತಾರೆ ಎಂಬುದನ್ನು ದಾಖಲಿಸಿದರು. ‘ಕೆಲಸ ಮಾಡುವುದಿಲ್ಲ, ಮನೆಯಲ್ಲಿದ್ದಾಳೆ’ ಎಂದು ಗಣತಿದಾರರು ಬರೆದುಕೊಂಡು ಹೋಗುತ್ತಿದ್ದ ಹೆಂಗಸರು ದನ ಮೇಯಿಸುತ್ತಿದ್ದರು, ಸೌದೆ ತರುತ್ತಿದ್ದರು, ಹೊಲದಲ್ಲಿ ದುಡಿಯುತ್ತಿದ್ದರು. ಇಂಥ ಲೆಕ್ಕ ಇಡೀ ದೇಶಕ್ಕೆ ಸಿಗಲು ನಾಲ್ಕು ದಶಕ ಬೇಕಾಯಿತು. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು, ಗಂಡಸರು 97 ನಿಮಿಷ. 2024ರಲ್ಲಿ ಈ ಅಂಕಿಗಳು 289 ಮತ್ತು 88. ಐದು ವರ್ಷದಲ್ಲಿ ಹೆಂಗಸರ ಹೊರೆ ಹತ್ತು ನಿಮಿಷ ತಗ್ಗಿತು, ಗಂಡಸರು ಕೊಡುವ ಹೊತ್ತೂ ಹೆಚ್ಚುಕಡಿಮೆ ಅಷ್ಟೇ ತಗ್ಗಿತು.

ಗಡಚಿರೋಲಿಯ ಅಧ್ಯಯನ

ಮಹಾರಾಷ್ಟ್ರದ ಗಡಚಿರೋಲಿ ಜಿಲ್ಲೆಯಲ್ಲಿ ವೈದ್ಯ ದಂಪತಿ ರಾಣಿ ಬಂಗ್ ಮತ್ತು ಅಭಯ್ ಬಂಗ್ 1980ರ ದಶಕದಲ್ಲಿ ನಡೆಸಿದ ಅಧ್ಯಯನ ಈ ಕ್ಷೇತ್ರದ ಮೈಲಿಗಲ್ಲು. ಆವರೆಗೆ ಹಳ್ಳಿಯ ಹೆಂಗಸಿನ ಆರೋಗ್ಯ ಎಂದರೆ ಸರ್ಕಾರದ ಕಡತಗಳಲ್ಲಿ ಬಸಿರು, ಹೆರಿಗೆ, ಸಂತಾನಹರಣ ಶಸ್ತ್ರಚಿಕಿತ್ಸೆ ಇಷ್ಟೇ ಆಗಿತ್ತು. ಬಿಳಿಸೆರಗು, ಮುಟ್ಟಿನ ತೊಂದರೆ, ಕಿಬ್ಬೊಟ್ಟೆಯ ನೋವುಗಳನ್ನು ಹೆಂಗಸರು ತಮ್ಮತಮ್ಮಲ್ಲೇ, ಹೆಚ್ಚೆಂದರೆ ಊರಿನ ಸೂಲಗಿತ್ತಿಯ ಬಳಿ ಹೇಳಿಕೊಳ್ಳುತ್ತಿದ್ದರು. ಬಂಗ್ ದಂಪತಿ ಎರಡು ಹಳ್ಳಿಗಳನ್ನು ಆರಿಸಿಕೊಂಡು, ಊರಿನವರ ಒಪ್ಪಿಗೆ ಪಡೆದು, 650 ಹೆಂಗಸರಿಗೆ ಪೂರ್ಣ ಸ್ತ್ರೀರೋಗ ತಪಾಸಣೆ ಮಾಡಿದರು. ರೋಗಲಕ್ಷಣ ಇರಲಿ ಬಿಡಲಿ, ಎಲ್ಲರನ್ನೂ ಕರೆದದ್ದು ಇದರ ವೈಶಿಷ್ಟ್ಯ.

1989ರ ಜನವರಿಯಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟವಾಯಿತು. ಶೇ. 92 ಮಂದಿಗೆ ಒಂದಲ್ಲ ಒಂದು ಸ್ತ್ರೀರೋಗ ಅಥವಾ ಲೈಂಗಿಕ ರೋಗವಿತ್ತು. ಸರಾಸರಿ ಒಬ್ಬೊಬ್ಬರಿಗೆ 3.6 ತೊಂದರೆ. ಅದಕ್ಕೂ ಮೊದಲು ಇಂಥ ತಪಾಸಣೆ ಆಗಿದ್ದವರು ಶೇ. 8 ಮಾತ್ರ. ಆಸ್ಪತ್ರೆಗೆ ಬಂದವರನ್ನು ಮಾತ್ರ ಎಣಿಸುವ ಲೆಕ್ಕದಲ್ಲಿ ಈ ಹೆಂಗಸರಲ್ಲಿ ಹೆಚ್ಚಿನವರು ಕಾಣಿಸುತ್ತಿರಲಿಲ್ಲ. ‘ಮೌನದ ರೋಗಭಾರ’ ಎಂಬ ವಿಷಯ ಜಾಗತಿಕ ಚರ್ಚೆಗೆ ಬರಲು, 1994ರ ಕೈರೋ ಜನಸಂಖ್ಯಾ ಸಮ್ಮೇಳನದಲ್ಲಿ ಪ್ರಜನನ ಆರೋಗ್ಯ ಮುಖ್ಯ ವಿಷಯವಾಗಲು ಈ ಅಧ್ಯಯನ ಒದಗಿಸಿದ ಪುರಾವೆ ನೆರವಾಯಿತು. ಕುಟುಂಬ ಯೋಜನೆಯ ಗುರಿಸಂಖ್ಯೆಗಳನ್ನೇ ನೆಚ್ಚಿಕೊಂಡಿದ್ದ ಭಾರತ 1997ರಲ್ಲಿ ಪ್ರಜನನ ಮತ್ತು ಮಕ್ಕಳ ಆರೋಗ್ಯ ಕಾರ್ಯಕ್ರಮವನ್ನು ಆರಂಭಿಸಿತು. ಆ ಎರಡು ಹಳ್ಳಿಗಳ ಹೆಂಗಸರ ಹೆಸರು ಯಾವ ದಾಖಲೆಯಲ್ಲೂ ಇಲ್ಲ, ಇರಬಾರದು ಕೂಡ. ಆದರೆ ಸಂಕೋಚವನ್ನು ಬದಿಗಿಟ್ಟು ತಪಾಸಣೆಗೆ ಒಪ್ಪಿದ ಅವರ ಧೈರ್ಯವೇ ಈ ಅಧ್ಯಯನದ ಅಡಿಪಾಯ.

ಸಮೀಕ್ಷೆಯ ಪ್ರಶ್ನೆ, ಕೇಳುವ ರೀತಿ

1992–93ರಲ್ಲಿ ಮೊದಲು ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ (2019–21) 7,24,115 ಹೆಂಗಸರು ಉತ್ತರ ಕೊಟ್ಟರು. 15ರಿಂದ 49 ವರ್ಷದ ಹೆಂಗಸರಲ್ಲಿ ರಕ್ತಹೀನತೆ ದೇಶದಲ್ಲಿ ಶೇ. 57, ಕರ್ನಾಟಕದಲ್ಲಿ ಶೇ. 47.8 ಎಂಬ ಅಂಕಿ ಬಂದದ್ದು ಅವರಲ್ಲಿ ಹೆಚ್ಚಿನವರು ಬೆರಳು ಚುಚ್ಚಿಸಿಕೊಂಡು ಕೊಟ್ಟ ಹನಿ ರಕ್ತದಿಂದ.

ಗಂಡನ ಹೊಡೆತದ ಬಗ್ಗೆ ಕೇಳುವ ಭಾಗಕ್ಕೆ ಈ ಸಮೀಕ್ಷೆಯಲ್ಲಿ ಬೇರೆಯೇ ನಿಯಮವಿದೆ. ಒಂದು ಮನೆಯಲ್ಲಿ ಒಬ್ಬಳನ್ನು ಮಾತ್ರ ಕೇಳಬೇಕು, ಏಕಾಂತದಲ್ಲಿ ಕೇಳಬೇಕು. ಅತ್ತೆಯೋ ಗಂಡನೋ ಬಳಿ ಬಂದರೆ ಆ ಪ್ರಶ್ನೆಗಳನ್ನು ಕೈಬಿಡಬೇಕು. ಕರ್ನಾಟಕದಲ್ಲಿ ಗಂಡನಿಂದ ಹಿಂಸೆ ಅನುಭವಿಸಿದ್ದೇವೆ ಎಂದವರ ಪ್ರಮಾಣ 2015–16ರಲ್ಲಿ ಶೇ. 20.6 ಇತ್ತು, 2019ರಲ್ಲಿ ಶೇ. 44.4ಕ್ಕೆ ಏರಿತು. ಈ ಮಾಹಿತಿ ಸಂಗ್ರಹವಾದದ್ದು ಕೊರೊನಾ ಲಾಕ್‌ಡೌನ್‌ಗೂ ಮುಂಚೆ, ಆದ್ದರಿಂದ ಅದನ್ನು ಕಾರಣವೆನ್ನುವಂತಿಲ್ಲ. ನಾಲ್ಕೇ ವರ್ಷದಲ್ಲಿ ಹಿಂಸೆ ಇಮ್ಮಡಿಯಾಯಿತು ಎಂದು ಓದುವುದಕ್ಕಿಂತ, ಹೇಳಿಕೊಳ್ಳುವವರು ಹೆಚ್ಚಾದರೇ, ಕೇಳಿದ ಕ್ರಮ ಬದಲಾಯಿತೇ ಎಂದು ಪರೀಕ್ಷಿಸುವುದು ಸರಿಯಾದ ದಾರಿ. ಪ್ರಶ್ನೆ ಕೇಳುವ ತರುಣಿಗೆ ಎಷ್ಟು ತರಬೇತಿ ಸಿಕ್ಕಿದೆ, ಅಂದು ಅವಳು ಎಷ್ಟು ಮನೆ ಮುಗಿಸಬೇಕಾಗಿತ್ತು ಎಂಬುದೂ ಉತ್ತರದ ಮೇಲೆ ಪ್ರಭಾವ ಬೀರುತ್ತದೆ. ಕ್ಷೇತ್ರ ತನಿಖೆಗಾರರಿಗೆ ಒಳ್ಳೆಯ ಸಂಬಳ, ಸಾಕಷ್ಟು ಸಮಯ ಕೊಡುವುದು ಸಂಶೋಧನೆಯ ಗುಣಮಟ್ಟದ್ದೇ ಪ್ರಶ್ನೆ.

ಮೈಸೂರಿನ ಜನನ ದಾಖಲೆ

ಮೈಸೂರಿನಲ್ಲಿ ಜನರು ಮಿಷನ್ ಆಸ್ಪತ್ರೆ ಎಂದೇ ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ಬರೆದಿಡಲಾಗಿತ್ತು. ಬ್ರಿಟನ್ನಿನ ಸೌತಾಂಪ್ಟನ್ನಿನ ಕ್ಯಾರೊಲಿನ್ ಫಾಲ್ ಮತ್ತು ಸಂಗಡಿಗರು 1990ರ ದಶಕದಲ್ಲಿ ಈ ದಾಖಲೆ ಹಿಡಿದು, ನಗರದಲ್ಲಿ ಮನೆಮನೆ ಹುಡುಕಿ, ಆಗ ಹುಟ್ಟಿ ನಡುವಯಸ್ಸಿಗೆ ಬಂದಿದ್ದವರನ್ನು ಪತ್ತೆ ಮಾಡಿದರು. ಅವರಲ್ಲಿ, ಹುಟ್ಟುವಾಗ 2.5 ಕಿಲೋ ಅಥವಾ ಅದಕ್ಕಿಂತ ಕಡಿಮೆ ಇದ್ದವರ ಪೈಕಿ ಶೇ. 11 ಮಂದಿಗೆ ಹೃದಯದ ರಕ್ತನಾಳದ ಕಾಯಿಲೆ ಇತ್ತು, 3.1 ಕಿಲೋ ಅಥವಾ ಹೆಚ್ಚು ತೂಗಿದವರಲ್ಲಿ ಶೇ. 3 ಮಾತ್ರ. ಬಸುರಿಯ ಪೋಷಣೆ ಮಗುವಿನ ಇಡೀ ಆಯುಷ್ಯವನ್ನು ತಟ್ಟುತ್ತದೆ ಎಂಬ ವಾದಕ್ಕೆ ಇದು ಭಾರತದ ನೆಲದಿಂದ ಬಂದ ಆಧಾರ. 1997–98ರಲ್ಲಿ ಅದೇ ಆಸ್ಪತ್ರೆಯಲ್ಲಿ 830 ಬಸುರಿಯರನ್ನು ಒಳಗೊಂಡ ‘ಪಾರ್ಥೆನಾನ್’ ಅಧ್ಯಯನ ಶುರುವಾಯಿತು. ಅವರ ಮಕ್ಕಳನ್ನು ದೊಡ್ಡವರಾಗುವವರೆಗೂ ಮತ್ತೆ ಮತ್ತೆ ತಪಾಸಿಸಲಾಯಿತು. ಇಂಥ ದೀರ್ಘಕಾಲದ ಅಧ್ಯಯನ ನಿಲ್ಲುವುದು ಕರೆದಾಗಲೆಲ್ಲ ಮಗುವನ್ನು ಕರೆದುಕೊಂಡು ಬರುವ ತಾಯಂದಿರ ನಂಬಿಕೆಯ ಮೇಲೆ.

ತಾಯಿ ಮರಣದ ವಿಚಾರಣೆ

ಕೊಪ್ಪಳ ಜಿಲ್ಲೆಯಲ್ಲಿ ಗೀತಾ ಸೇನ್, ಅದಿತಿ ಅಯ್ಯರ್ ಮೊದಲಾದವರು ಬೆಂಗಳೂರಿನ ಭಾರತೀಯ ನಿರ್ವಹಣಾ ಸಂಸ್ಥೆಯ ಮೂಲಕ ಕೈಗೊಂಡ ಲಿಂಗ ಮತ್ತು ಆರೋಗ್ಯ ಸಮಾನತೆ ಯೋಜನೆ, ಸತ್ತ ತಾಯಂದಿರ ಮನೆಯವರನ್ನು ಮಾತನಾಡಿಸಿ ಸಾವಿನ ಹಾದಿಯನ್ನು ಮರುಕಟ್ಟಿತು. ‘ಮನೆಯವರು ತಡಮಾಡಿದರು, ಅವರಿಗೆ ತಿಳಿವಳಿಕೆ ಇಲ್ಲ’ ಎಂಬುದು ಇಲಾಖೆಗಳ ಸಿದ್ಧ ಉತ್ತರ. ಕೊಪ್ಪಳದ ಕುಟುಂಬಗಳು ಹೇಳಿದ್ದು ಬೇರೆ: ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಅಲೆದದ್ದು, ತುರ್ತು ಚಿಕಿತ್ಸೆ ಎಲ್ಲೂ ಸಿಗದಿದ್ದದ್ದು, ಹೆರಿಗೆ ಬೇಗ ಆಗಲೆಂದು ಯಾರೋ ಕೊಟ್ಟ ಇಂಜೆಕ್ಷನ್.

2010ರಲ್ಲಿ ಕೇಂದ್ರ ಸರ್ಕಾರ ತಾಯಿ ಮರಣ ಪರಿಶೀಲನೆಗೆ ಮಾರ್ಗಸೂಚಿ ತಂದಿತು. ಆಶಾ ಕಾರ್ಯಕರ್ತೆ ಸಾವನ್ನು ವರದಿ ಮಾಡುತ್ತಾಳೆ, ತಂಡವೊಂದು ಮನೆಗೆ ಹೋಗಿ ವಿಚಾರಿಸುತ್ತದೆ, ಜಿಲ್ಲಾಧಿಕಾರಿಯ ಸಭೆಗೆ ಸತ್ತವಳ ಮನೆಯವರನ್ನೂ ಕರೆಯಬೇಕು. ಮೊದಲ ಹೆರಿಗೆಗೆ ಹೆಣ್ಣು ತವರಿಗೆ ಹೋಗುವ ನಮ್ಮ ರೂಢಿಯಿಂದಾಗಿ ತಾಯಿ ಕಾರ್ಡ್ ಗಂಡನ ಊರಿನದಾಗಿ, ಸಾವು ತವರೂರಿನದಾಗುವ ತೊಡಕೂ ಇದೆ. ಇಂಥ ಎಳೆಗಳನ್ನು ಜೋಡಿಸಬಲ್ಲವರು ಎರಡೂ ಊರುಗಳ ಆಶಾಗಳೇ. ಕಾಮನ್‌ಹೆಲ್ತ್ ಮತ್ತು ಜನ ಸ್ವಾಸ್ಥ್ಯ ಅಭಿಯಾನ ಎಂಬ ಆರೋಗ್ಯ ಹಕ್ಕು ಜಾಲಗಳು 2014ರಲ್ಲಿ ಹೊರತಂದ ವರದಿಯಲ್ಲಿ 10 ರಾಜ್ಯಗಳ 124 ಸಾವುಗಳನ್ನು ಸಂಘಟನೆಗಳೇ ದಾಖಲಿಸಿ, ಜಾತಿ, ಬಡತನ, ವಲಸೆಗಳನ್ನೂ ಕಾರಣಗಳ ಪಟ್ಟಿಗೆ ಸೇರಿಸಿದವು. ಕರ್ನಾಟಕದಲ್ಲಿ ಲಕ್ಷ ಜೀವಂತ ಜನನಕ್ಕೆ ತಾಯಿ ಮರಣ 2004–06ರಲ್ಲಿ 213 ಇದ್ದದ್ದು 2018–20ಕ್ಕೆ 69ಕ್ಕೆ ಇಳಿದಿದೆ. ಆದರೂ 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ಸತ್ತಾಗ, ಕೊಟ್ಟ ಡ್ರಿಪ್ ದ್ರಾವಣದ ಮೇಲೆ ಅನುಮಾನ ಬಂದು ರಾಜ್ಯದಾದ್ಯಂತ ತಾಯಿ ಮರಣಗಳ ಆಡಿಟ್ ನಡೆಸಬೇಕಾಯಿತು.

ಒಪ್ಪಿಗೆಯ ಉಲ್ಲಂಘನೆ, ಪ್ರತಿರೋಧ

1980ರ ದಶಕದ ಮಧ್ಯದಲ್ಲಿ ಹೈದರಾಬಾದ್ ಬಳಿಯ ಪಟಾನ್‌ಚೆರುವಿನಲ್ಲಿ ನೆಟ್-ಎನ್ ಎಂಬ ಗರ್ಭನಿರೋಧಕ ಇಂಜೆಕ್ಷನ್ನನ್ನು ಅದು ಪ್ರಯೋಗವೆಂದು ತಿಳಿಸದೆ ಹೆಂಗಸರಿಗೆ ಕೊಡಲಾಗುತ್ತಿತ್ತು. ಸ್ತ್ರೀ ಶಕ್ತಿ ಸಂಘಟನಾದ ಕಾರ್ಯಕರ್ತೆಯರು ಶಿಬಿರಕ್ಕೇ ಹೋಗಿ ಹೆಂಗಸರಿಗೆ ವಿಷಯ ತಿಳಿಸಿದರು. 1986ರಲ್ಲಿ ಈ ಸಂಘಟನೆ, ಸಹೇಲಿ ಮುಂತಾದವು ಸುಪ್ರೀಂ ಕೋರ್ಟಿಗೆ ಹೋದವು. 2009–10ರಲ್ಲಿ ಖಮ್ಮಂ ಮತ್ತು ವಡೋದರಾ ಜಿಲ್ಲೆಗಳ ಸಾವಿರಾರು ಹುಡುಗಿಯರಿಗೆ ಎಚ್‌ಪಿವಿ ಲಸಿಕೆ ಹಾಕಿದ ಯೋಜನೆಯಲ್ಲಿ ಹಲವೆಡೆ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ್ದವರು ಹಾಸ್ಟೆಲ್ ವಾರ್ಡನ್‌ಗಳು. ಕೆಲವು ಹುಡುಗಿಯರು ಸತ್ತ ಸುದ್ದಿಯ ನಂತರ ಯೋಜನೆ ನಿಂತಿತು. ಆ ಸಾವುಗಳಿಗೆ ಲಸಿಕೆ ಕಾರಣವಲ್ಲವೆಂದು ವಿಚಾರಣೆ ಹೇಳಿದರೂ, ಒಪ್ಪಿಗೆ ಪಡೆದ ರೀತಿಯನ್ನು ಸಂಸದೀಯ ಸ್ಥಾಯಿ ಸಮಿತಿ 2013ರಲ್ಲಿ ಕಟುವಾಗಿ ಖಂಡಿಸಿತು. ಲಸಿಕೆ ಒಳ್ಳೆಯದೆಂಬ ಕಾರಣಕ್ಕೆ ಒಪ್ಪಿಗೆಯ ನಿಯಮವನ್ನು ಸಡಿಲಿಸಲಾಗದು.

2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳ ಪ್ರಕಾರ ನೈತಿಕ ಸಮಿತಿಯಲ್ಲಿ ಕನಿಷ್ಠ ಏಳು ಸದಸ್ಯರಿರಬೇಕು. ಅವರಲ್ಲಿ ಒಬ್ಬ ಮಹಿಳೆ ಮತ್ತು ವೈದ್ಯಕೀಯ ಹಿನ್ನೆಲೆಯಿಲ್ಲದ ಒಬ್ಬ ಸಾಮಾನ್ಯ ವ್ಯಕ್ತಿ ಇರಲೇಬೇಕು. ನಿವೃತ್ತ ಶಿಕ್ಷಕಿಯೋ ಸ್ವಸಹಾಯ ಸಂಘದ ಮುಖಂಡರೋ ಈ ಸ್ಥಾನಕ್ಕೆ ಬರಬಹುದು. ಒಪ್ಪಿಗೆ ಪತ್ರದ ಕನ್ನಡ ಓದಿದವರಿಗೆ ಅರ್ಥವಾಗುತ್ತದೆಯೇ ಎಂದು ಕೇಳುವ ಅಧಿಕಾರ ಅವರಿಗಿದೆ, ಮತ್ತು ಆ ಪ್ರಶ್ನೆ ಕೇಳಲು ಅವರಿಗಿಂತ ಯೋಗ್ಯರಿಲ್ಲ. ದೇಶದಲ್ಲಿ ನಡೆಯುವ ಪ್ರಯೋಗಗಳ ವಿವರಗಳನ್ನು 2007ರಲ್ಲಿ ಆರಂಭವಾದ ರಾಷ್ಟ್ರೀಯ ಟ್ರಯಲ್ ನೋಂದಣಿಯಲ್ಲಿ ಯಾರು ಬೇಕಾದರೂ ನೋಡಬಹುದು.

ಗರ್ಭಕೋಶದ ಶಸ್ತ್ರಚಿಕಿತ್ಸೆ

ಅಗತ್ಯವಿಲ್ಲದೆ ಗರ್ಭಕೋಶ ತೆಗೆಯುವ ಪಿಡುಗು ಬೆಳಕಿಗೆ ಬಂದದ್ದು ಸಂಘಟಿತ ಹೆಂಗಸರಿಂದ. ಗುಜರಾತಿನ ದುಡಿಯುವ ಹೆಂಗಸರ ಸಂಘಟನೆ ‘ಸೇವಾ’ ತನ್ನ ಸದಸ್ಯೆಯರ ಆರೋಗ್ಯ ವಿಮೆಯ ಅರ್ಜಿಗಳನ್ನು ನೋಡುವಾಗ ಈ ಶಸ್ತ್ರಚಿಕಿತ್ಸೆ ಪದೇಪದೇ ಕಾಣಿಸಿತು. ಅದರಿಂದ ಅಧ್ಯಯನ ಹುಟ್ಟಿತು. ಕಲಬುರಗಿ ಜಿಲ್ಲೆಯ ತಾಂಡಾಗಳ ಲಂಬಾಣಿ ಮತ್ತು ದಲಿತ ಹೆಂಗಸರ ವಿಷಯದಲ್ಲಿ ಕರ್ನಾಟಕ ಜನಾರೋಗ್ಯ ಚಳವಳಿಯಂಥ ಗುಂಪುಗಳು ಮಾಹಿತಿ ಕಲೆಹಾಕಿದವು. 2015–16ರ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಇದಕ್ಕೆ ಸಂಬಂಧಿಸಿದ ಪ್ರಶ್ನೆಗಳು ಸೇರಿದವು. 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್, ಇದನ್ನು ತಡೆಯುವ ಕೇಂದ್ರದ ಮಾರ್ಗಸೂಚಿಯನ್ನು ಮೂರು ತಿಂಗಳಲ್ಲಿ ಜಾರಿಗೊಳಿಸಲು ರಾಜ್ಯಗಳಿಗೆ ಹೇಳಿತು.

ಈಗಿನ ಅವಕಾಶಗಳು

ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯ, ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಮಹಿಳಾ ಅಧ್ಯಯನ ವಿಭಾಗ, ಬೆಂಗಳೂರಿನ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಯ ಅಧ್ಯಯನ ಸಂಸ್ಥೆಗಳಲ್ಲಿ ಸಂಶೋಧನೆಗೆ ದಾರಿಯಿದೆ. ಮನೆ, ಮಕ್ಕಳ ಕಾರಣಕ್ಕೆ ವಿಜ್ಞಾನ ಕ್ಷೇತ್ರ ಬಿಟ್ಟ ಹೆಂಗಸರು ಮರಳಲು ಕೇಂದ್ರದ ವೈಸ್-ಕಿರಣ್ ಯೋಜನೆ ಸಹಾಯಧನ ಕೊಡುತ್ತದೆ. 2014ರ ಶಾಸನಪೂರ್ವ ಸಮಾಲೋಚನಾ ನೀತಿಯಂತೆ ಕೇಂದ್ರದ ಕರಡು ಮಸೂದೆಗಳು ಕನಿಷ್ಠ 30 ದಿನ ಸಾರ್ವಜನಿಕರ ಮುಂದಿರಬೇಕು. ಅಭಿಪ್ರಾಯ ಬರೆಯಲು ಯಾವ ಪದವಿಯೂ ಬೇಕಿಲ್ಲ. 2023ರ ಜೂನ್‌ನಲ್ಲಿ ಶುರುವಾದ ಶಕ್ತಿ ಯೋಜನೆಯ ಉಚಿತ ಬಸ್ಸು, ಆಗಸ್ಟ್‌ನಲ್ಲಿ ಬಂದ ಗೃಹಲಕ್ಷ್ಮಿಯ ತಿಂಗಳ 2,000 ರೂಪಾಯಿ ಇವೆರಡೂ ಕರ್ನಾಟಕವನ್ನು ಸಾಮಾಜಿಕ ನೀತಿ ಅಧ್ಯಯನದ ದೊಡ್ಡ ಕ್ಷೇತ್ರವನ್ನಾಗಿಸಿವೆ. ಎಷ್ಟು ಟಿಕೆಟ್ ಹರಿದರು ಎಂಬ ಲೆಕ್ಕ ಸಾರಿಗೆ ನಿಗಮಗಳ ಬಳಿ ಇದೆ. ಆ ಬಸ್ಸು ಹತ್ತಿ ಯಾರು ತಾಲ್ಲೂಕು ಆಸ್ಪತ್ರೆಗೆ ಹೋದರು, ಗೃಹಲಕ್ಷ್ಮಿಯ ಹಣದಿಂದ ಯಾರು ಮುಂದೂಡಿದ್ದ ಚಿಕಿತ್ಸೆ ಮಾಡಿಸಿಕೊಂಡರು ಎಂಬುದನ್ನು ಆ ಹೆಂಗಸರನ್ನೇ ಕೇಳಿ ತಿಳಿಯಬೇಕು.