ಹೊನ್ನುಹೊಳೆಯ ದಂಡೆಯ ಮೌನ

ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗುವವರಿಗೆ ಯಳಂದೂರು ಒಂದು ತಿರುವು ಮಾತ್ರ. ಕೊಳ್ಳೇಗಾಲದಿಂದ ಚಾಮರಾಜನಗರದ ದಾರಿಯಲ್ಲಿ ಸುಮಾರು 15 ಕಿಲೋಮೀಟರ್ ಬಂದರೆ ಈ ಊರು ಸಿಗುತ್ತದೆ. ಬಸ್ಸು ನಿಂತಾಗ ಒಂದಿಬ್ಬರು ಇಳಿದು ಕಾಫಿ ಕುಡಿಯುತ್ತಾರೆ, ಬೆಟ್ಟದ ಬಸ್ಸು ಎಷ್ಟು ಹೊತ್ತಿಗೆ ಎಂದು ವಿಚಾರಿಸುತ್ತಾರೆ, ಹೊರಟುಹೋಗುತ್ತಾರೆ. ಊರಿನ ಪಕ್ಕದಲ್ಲೇ ಸುವರ್ಣಾವತಿ ಹರಿಯುತ್ತದೆ. ಜನರ ಬಾಯಲ್ಲಿ ಅದು ಹೊನ್ನುಹೊಳೆ. ಹೊಳೆಯ ಆಚೀಚೆ ಗದ್ದೆ, ತೆಂಗು, ಬಾಳೆ. ಮಧ್ಯಾಹ್ನದ ಹೊತ್ತು ಹಳೆಯ ಬೀದಿಗಳಲ್ಲಿ ನಡೆದರೆ ನಿಮ್ಮ ಚಪ್ಪಲಿಯ ಸದ್ದು ನಿಮಗೇ ಕೇಳಿಸುವಷ್ಟು ಸುಮ್ಮನಿರುವ ಊರು ಇದು.

ಈ ಸುಮ್ಮನಿರುವಿಕೆಯನ್ನು ನಾವು ಸಾಮಾನ್ಯವಾಗಿ ಎರಡು ಬಗೆಯಲ್ಲಿ ಓದುತ್ತೇವೆ. ಪ್ರವಾಸಿಗೆ ಅದು ‘ಪ್ರಶಾಂತ’. ಸರ್ಕಾರಿ ವರದಿಗೆ ಅದು ‘ಹಿಂದುಳಿದದ್ದು’. ಎರಡೂ ಮಾತುಗಳಲ್ಲಿ ಊರು ಮೊದಲಿಂದಲೂ ಹೀಗೇ ಇತ್ತು ಎಂಬ ಭಾವನೆ ಅಡಗಿದೆ. ಹದಿನೇಳನೆಯ ಶತಮಾನದ ಸಾಹಿತ್ಯದ ಬಗ್ಗೆ ಸಂಶೋಧನೆ ಮಾಡುತ್ತ ಈ ಊರಿಗೆ ಮತ್ತೆ ಮತ್ತೆ ಹೋಗಿಬಂದ ಮೇಲೆ ನನಗೆ ಅನ್ನಿಸಿದ್ದು ಬೇರೆ. ಯಳಂದೂರಿನ ಮೌನಕ್ಕೆ ಇಸವಿಗಳಿವೆ. ಅದು ಒಂದೊಂದಾಗಿ ಬಂದು ಕೂಡಿಕೊಂಡದ್ದು.

ಮೊದಲು ಊರು ಸದ್ದು ಮಾಡುತ್ತಿದ್ದ ಕಾಲವನ್ನು ನೋಡೋಣ. ಇದು ಹದಿನಾಡಿನ ಅರಸರ ರಾಜಧಾನಿ. ಊರೊಳಗಿನ ಗೌರೀಶ್ವರ ದೇವಾಲಯವನ್ನು ಸುಮಾರು 1500ರ ಹೊತ್ತಿಗೆ ಆ ಮನೆತನದ ಸಿಂಗೆದೇಪ ಕಟ್ಟಿಸಿದ. ಅದರ ಮಹಾದ್ವಾರವನ್ನು 1654–55ರ ಸುಮಾರಿಗೆ ಮುದ್ದುರಾಜ ಕಟ್ಟಿಸಿದ. ಊರಿನವರು ಅದನ್ನು ಬಳೆಮಂಟಪ ಎನ್ನುತ್ತಾರೆ. ಮಂಟಪದ ಮೂಲೆಗಳಲ್ಲಿ ಕಲ್ಲಿನ ಬಳೆಗಳು ಒಂದರೊಳಗೊಂದು ಸೇರಿ ಸರಪಳಿಯಾಗಿ ಇಳಿಬಿದ್ದಿವೆ. ಅವುಗಳನ್ನು ಬೇರೆ ಬೇರೆ ಮಾಡಿ ಆಮೇಲೆ ಜೋಡಿಸಿಲ್ಲ, ಇಡೀ ಸರಪಳಿಯನ್ನು ಒಂದೇ ಕಲ್ಲಿನಿಂದ ಬಿಡಿಸಿದ್ದಾರೆ. ಶಿವನ ದೇವಾಲಯದ ಬಾಗಿಲಾದರೂ ಗೋಡೆಯ ಮೇಲೆ ನರಸಿಂಹನಿದ್ದಾನೆ, ವಾಲಿ ಸುಗ್ರೀವರ ಕಾಳಗವಿದೆ. ಮೈಸೂರು ಸೀಮೆಯಲ್ಲಿ ಹೊಯ್ಸಳರ ಕೆತ್ತನೆ ನಿಂತುಹೋಗಿ ಮುನ್ನೂರು ವರ್ಷವಾದ ಮೇಲೆ ಒಂದು ಸಣ್ಣ ಪಾಳೆಯಪಟ್ಟು ಇಷ್ಟು ನುಣುಪಾದ ಕೆಲಸ ಮಾಡಿಸಿತು ಎಂಬುದನ್ನು ನಾವು ಇನ್ನೂ ಸರಿಯಾಗಿ ಲೆಕ್ಕಕ್ಕೆ ತೆಗೆದುಕೊಂಡಿಲ್ಲ.

ಅದೇ 1650ರ ದಶಕದಲ್ಲಿ ಇದೇ ಊರಿನ ಮಠದಲ್ಲಿದ್ದ ಷಡಕ್ಷರದೇವ ‘ರಾಜಶೇಖರ ವಿಳಾಸ’ವನ್ನು ಬರೆದ. ಮುಂದೆ ‘ವೃಷಭೇಂದ್ರ ವಿಜಯ’, ‘ಶಬರಶಂಕರ ವಿಳಾಸ’ಗಳು ಬಂದವು. ಚಂಪೂವಿನ ಕಾಲ ಮುಗಿಯಿತು ಎನ್ನುವ ಹೊತ್ತಿನಲ್ಲಿ ಆ ಪ್ರಕಾರಕ್ಕೆ ಮತ್ತೊಮ್ಮೆ ಉಸಿರು ಕೊಟ್ಟವನು ಅವನು. ಒಂದೇ ಹೊಳೆಯ ದಂಡೆಯಲ್ಲಿ, ಒಂದೇ ದಶಕದಲ್ಲಿ, ಒಂದು ಕಡೆ ಉಳಿಯ ಕೆಲಸ, ಇನ್ನೊಂದು ಕಡೆ ಕಂಠದ ಕೆಲಸ. ಹದಿನಾಡು ದೊಡ್ಡ ರಾಜ್ಯವೇನಲ್ಲ. ಆದರೆ ಶಿಲ್ಪಿಗೂ ಕವಿಗೂ ಊಟ ಹಾಕುವಷ್ಟು ಭತ್ತ ಹೊನ್ನುಹೊಳೆಯ ಬಯಲಲ್ಲಿ ಬೆಳೆಯುತ್ತಿತ್ತು.

ಮೌನದ ಮೊದಲ ಕಂತು ಬಂದದ್ದು ಯುದ್ಧದಿಂದಲ್ಲ, ಸಂಬಂಧದಿಂದ. 1673ರಲ್ಲಿ ಮೈಸೂರಿನ ಪಟ್ಟಕ್ಕೆ ಬಂದ ಚಿಕ್ಕದೇವರಾಜ ಒಡೆಯರ ರಾಣಿ ದೇವಾಜಮ್ಮಣ್ಣಿ ಯಳಂದೂರಿನ ಅರಸು ಮನೆತನದ ಮಗಳು. ಅವರ ಮೊದಲ ಮಂತ್ರಿ ವಿಶಾಲಾಕ್ಷ ಪಂಡಿತ ಯಳಂದೂರಿನ ಜೈನ ವಿದ್ವಾಂಸ. ರಾಣಿಯ ಜೊತೆ ಅರಮನೆಗೆ ಹೋಗಿ ಎಲೆಅಡಿಕೆಯ ಸಂಚಿ ಹಿಡಿಯುವ ಊಳಿಗಕ್ಕೆ ನಿಂತ ಹುಡುಗಿ ಹೊನ್ನಮ್ಮ. ಮುಂದೆ ಅವಳೇ ‘ಹದಿಬದೆಯ ಧರ್ಮ’ ಬರೆದು ಸಂಚಿಯ ಹೊನ್ನಮ್ಮ ಎಂದು ಹೆಸರಾದಳು. ಪತಿವ್ರತೆಯ ಕರ್ತವ್ಯಗಳನ್ನು ಹೇಳಲು ಹೊರಟ ಸಾಂಗತ್ಯದ ನಡುವೆಯೇ ಹೆಣ್ಣನ್ನು ಕೀಳಾಗಿ ಕಾಣುವವರನ್ನು ನಿಲ್ಲಿಸಿ ಪ್ರಶ್ನೆ ಕೇಳಿದವಳು ಅವಳು. ಯಳಂದೂರಿನ ಪ್ರತಿಭೆ ಹೀಗೆ ಶ್ರೀರಂಗಪಟ್ಟಣಕ್ಕೆ ಸಾಗಿತು. ಊರಿಗೆ ಅದು ಹೆಮ್ಮೆಯ ವಿಷಯವೇ. ಆದರೆ ಆಮೇಲೆ ಕವಿತೆ ಬರೆಯುವವರು ಹೋಗಿ ನಿಲ್ಲಬೇಕಾದ ಬಾಗಿಲು ಬೇರೆ ಊರಿನದಾಯಿತು. ಹದಿನಾಡು ಮೈಸೂರಿನ ಒಂದು ಅಂಚಾಯಿತು.

ಎರಡನೆಯ ಕಂತು 1799ರದು. ಟಿಪ್ಪು ಸುಲ್ತಾನರ ಪತನದ ನಂತರ ಸೀಮೆಯನ್ನು ಹಂಚಿಕೊಂಡಾಗ ಕೊಳ್ಳೇಗಾಲ ಕಂಪನಿಯ ಪಾಲಾಗಿ ಕೊಯಮತ್ತೂರು ಜಿಲ್ಲೆಗೆ ಸೇರಿತು. ಯಳಂದೂರು ಮೈಸೂರಿನಲ್ಲೇ ಉಳಿಯಿತು. ಒಂದೇ ಮಾತು, ಒಂದೇ ದೇವರು, ಒಂದೇ ಸಂತೆಯ ಜನರ ನಡುವೆ ಗಡಿ ಬಂತು. ಹನೂರು, ಮಹದೇಶ್ವರ ಬೆಟ್ಟದ ಕಡೆಯವರೆಲ್ಲ ಮದರಾಸಿನ ಪ್ರಜೆಗಳಾದರು. ಆ ಗಡಿ ಅಳಿಸಿದ್ದು 1956ರ ನವೆಂಬರ್ 1ರಂದು, ಅಂದರೆ 157 ವರ್ಷಗಳ ನಂತರ. ಅಷ್ಟು ಕಾಲ ಯಳಂದೂರಿಗೆ ತನ್ನ ಹತ್ತಿರದ ದೊಡ್ಡ ಪೇಟೆ ಬೇರೆ ಆಡಳಿತದ್ದು.

ಮೂರನೆಯದು 1807ರದು. ದಿವಾನ್ ಪೂರ್ಣಯ್ಯನವರ ಸೇವೆಗೆ ಮೆಚ್ಚಿ ಯಳಂದೂರನ್ನು ಅವರಿಗೆ ಜಹಗೀರಾಗಿ ಕೊಡಲಾಯಿತು. ಹೈದರ್, ಟಿಪ್ಪು, ಒಡೆಯರು ಮೂವರ ಆಡಳಿತವನ್ನೂ ಕಂಡ, ಶ್ರೀರಂಗಪಟ್ಟಣದ ವೆಲ್ಲೆಸ್ಲಿ ಸೇತುವೆಯನ್ನು 1804ರಲ್ಲಿ ಕಟ್ಟಿಸಿದ ಮನುಷ್ಯ ಅವರು. ಜಹಗೀರು ಎಂದರೆ ಊರಿನ ಕಂದಾಯ ಒಂದು ಮನೆತನಕ್ಕೆ ಸೇರುವುದು. ಹಳೆಯ ಗೆಜೆಟಿಯರುಗಳಲ್ಲಿ ‘ಯಳಂದೂರು ಜಹಗೀರು’ ಎಂದು ಬೇರೆಯಾಗಿಯೇ ನಮೂದಿಸಿರುತ್ತಾರೆ. ಜಹಗೀರುದಾರರು ಊರನ್ನು ಕಡೆಗಣಿಸಿದರು ಎಂದು ನಾನು ಹೇಳುತ್ತಿಲ್ಲ. ಆದರೆ ರಾಜಧಾನಿಯಾಗಿದ್ದ ಊರು ಈಗ ಒಬ್ಬರ ಆಸ್ತಿಯಾಯಿತು. ಒಡೆಯರು ಬೇರೆ ಕಡೆ ವಾಸವಿರುವ ದೊಡ್ಡ ಮನೆಯ ಹಾಗೆ ಅದು ಅಚ್ಚುಕಟ್ಟಾಗಿತ್ತು, ಸುಮ್ಮನಿತ್ತು.

ಇಲ್ಲೊಂದು ಸಂಗತಿ ನನ್ನನ್ನು ಬಹಳ ದಿನ ಕಾಡಿದೆ. ಪೂರ್ಣಯ್ಯನವರ ವಂಶದ ಸರ್ ಪಿ.ಎನ್. ಕೃಷ್ಣಮೂರ್ತಿ 1901ರಿಂದ 1906ರವರೆಗೆ ಮೈಸೂರಿನ ದಿವಾನರಾಗಿದ್ದರು. ಅವರೇ ಯಳಂದೂರಿನ ಜಹಗೀರುದಾರರು. 1902ರಲ್ಲಿ ಶಿವನಸಮುದ್ರದ ಜಲವಿದ್ಯುತ್ ಕೇಂದ್ರ ಕೆಲಸ ಶುರುಮಾಡಿದಾಗ ದಿವಾನಗಿರಿ ಅವರದೇ. ಕೊಳ್ಳೇಗಾಲದ ಪಕ್ಕದಲ್ಲೇ ಕಾವೇರಿ ಧುಮುಕುವ ಜಾಗದಿಂದ ಹೊರಟ ವಿದ್ಯುತ್ತು 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಹೋಯಿತು. 1905ರಲ್ಲಿ ಬೆಂಗಳೂರಿನ ಬೀದಿದೀಪಗಳಿಗೆ ಹೋಯಿತು. ಹೊನ್ನುಹೊಳೆಯ ಊರು ಆ ತಂತಿಗಳ ದಾರಿಯಲ್ಲಿ ಇರಲಿಲ್ಲ. 1920ರ ದಶಕದಲ್ಲಿ ರೈಲು ನಂಜನಗೂಡಿನಿಂದ ಮುಂದುವರಿದು ಚಾಮರಾಜನಗರಕ್ಕೆ ಬಂತು, ಅಲ್ಲೇ ನಿಂತಿತು. ಯಳಂದೂರಿಗಾಗಲಿ ಕೊಳ್ಳೇಗಾಲಕ್ಕಾಗಲಿ ಇಂದಿಗೂ ರೈಲಿಲ್ಲ.

ಇದನ್ನು ದೂರದ ಇನ್ನೊಂದು ನದಿದಂಡೆಯ ಜೊತೆ ಇಟ್ಟು ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ಟೋಕಿಯೊಗೆ ಹೋದವರನ್ನು ‘ಹಳೆಯ ಟೋಕಿಯೊ’ ತೋರಿಸುತ್ತೇವೆಂದು ಸುಮಿದಾ ನದಿಯ ದಂಡೆಯ ಅಸಾಕುಸಾಕ್ಕೆ ಕರೆದೊಯ್ಯುತ್ತಾರೆ. ಗಗನಚುಂಬಿಗಳ ಗದ್ದಲದಿಂದ ಬಂದವರಿಗೆ ಅಲ್ಲಿನ ತಗ್ಗು ಮನೆಗಳು, ಸಣ್ಣ ಅಂಗಡಿಗಳು, ಹಿಂದಿನ ಓಣಿಗಳ ನಿಧಾನ ಹಿತವೆನಿಸುತ್ತವೆ. ನಡುವೆ ಸೆನ್ಸೋಜಿ ದೇವಾಲಯ. 628ರಲ್ಲಿ ಇಬ್ಬರು ಮೀನುಗಾರ ಸಹೋದರರ ಬಲೆಗೆ ಸುಮಿದಾ ನದಿಯಲ್ಲಿ ಕನ್ನೊನ್ ದೇವಿಯ ವಿಗ್ರಹ ಸಿಕ್ಕಿತು ಎಂಬುದು ಅದರ ಸ್ಥಳಪುರಾಣ. ಆದರೆ ಈಗ ನಿಂತಿರುವ ಮುಖ್ಯ ಗುಡಿ 1958ರ ಕಾಂಕ್ರೀಟ್ ಕಟ್ಟಡ. ಹಳೆಯದು 1945ರ ಮಾರ್ಚ್ 10ರ ಬಾಂಬ್ ದಾಳಿಯಲ್ಲಿ ಸುಟ್ಟುಹೋಯಿತು. ಮುಂದಿನ ಪ್ರಸಿದ್ಧ ಗುಡುಗಿನ ಬಾಗಿಲು ಮರಳಿ ಎದ್ದದ್ದು 1960ರಲ್ಲಿ. ಯಳಂದೂರಿನಲ್ಲಿ ಬಳೆಮಂಟಪ ಎದ್ದ ಎರಡು ಮೂರು ವರ್ಷಕ್ಕೆ, 1657ರಲ್ಲಿ, ಅಂದಿನ ಎದೊ ನಗರದ ಬಹುಭಾಗ ಬೆಂಕಿಗೆ ಆಹುತಿಯಾಗಿತ್ತು. 1923ರ ಭೂಕಂಪ ಇನ್ನೊಮ್ಮೆ ಕೆಡವಿತು.

ಅಸಾಕುಸಾದ ನಿಧಾನಕ್ಕೂ ಇಸವಿಗಳಿವೆ. ಅದು ಒಂದು ಕಾಲಕ್ಕೆ ಟೋಕಿಯೊದ ಅತಿ ಗದ್ದಲದ ಜಾಗ, ನಾಟಕಶಾಲೆ ಸಿನಿಮಾಮಂದಿರಗಳ ಬೀಡು. ಏಷ್ಯಾದ ಮೊದಲ ಸುರಂಗ ರೈಲು 1927ರಲ್ಲಿ ಓಡಿದ್ದು ಅಲ್ಲಿಂದ ಉಯೆನೊಗೆ. ಯುದ್ಧದ ನಂತರ ನಗರದ ಹಣ, ಮನರಂಜನೆ ಎಲ್ಲ ಪಶ್ಚಿಮದ ಶಿಂಜುಕು, ಶಿಬುಯಾಗಳತ್ತ ಸರಿದಾಗ ಅಸಾಕುಸಾ ಹಿಂದೆ ಉಳಿಯಿತು. ಹಿಂದೆ ಉಳಿದದ್ದನ್ನೇ ಅಲ್ಲಿನವರು ತಮ್ಮ ಕಥೆಯಾಗಿ ಹೇಳಲು ಕಲಿತರು. ಕಾಂಕ್ರೀಟಿನ ಗುಡಿಯ ಮುಂದೆ ನಿಂತವನಿಗೂ ತಾನು ಒಂದು ಸಾವಿರ ವರ್ಷದ ಮುಂದೆ ನಿಂತಿದ್ದೇನೆ ಅನ್ನಿಸುವಷ್ಟು ಚೆನ್ನಾಗಿ ಹೇಳಿದರು. ನಮ್ಮಲ್ಲಿ ಕಲ್ಲು ಅಸಲಿ, ಬೀದಿ ಅಸಲಿ, ಹೊಳೆ ಅಸಲಿ. ಕಥೆಯನ್ನು ಮಾತ್ರ ನಾವು ಹೇಳಿಕೊಂಡಿಲ್ಲ.

ಸುಮಿದಾ ದಂಡೆಯ ದೇಶಕ್ಕೂ ನಮ್ಮ ಸೀಮೆಗೂ ಒಂದು ಹಳೆಯ ನೂಲಿನ ನಂಟೂ ಇದೆ. ಮದರಾಸು ಪ್ರಾಂತ್ಯದ ರೇಷ್ಮೆ ಕೃಷಿಯ ಬಹುಪಾಲು ಇದ್ದದ್ದು ಕೊಳ್ಳೇಗಾಲ ತಾಲ್ಲೂಕಿನಲ್ಲಿ. 1930ರ ಸುಮಾರಿಗೆ ಅಗ್ಗದ ಜಪಾನಿ ರೇಷ್ಮೆ ಮಾರುಕಟ್ಟೆಗೆ ಬಂದು ಬಿದ್ದಾಗ ಮೈಸೂರಿನ ಜೊತೆ ಇಲ್ಲಿನ ಬೆಳೆಗಾರರೂ ನಲುಗಿದರು. 1934ರಲ್ಲಿ ಆಮದು ಸುಂಕ ಏರಿಸಿ ರಕ್ಷಣೆ ಕೊಡಬೇಕಾಯಿತು. ಏಟು ತಿಂದರೂ ಕೊಳ್ಳೇಗಾಲಕ್ಕೆ ಮಗ್ಗವಿತ್ತು, ಸೀರೆಯ ಹೆಸರಿತ್ತು, ಸದ್ದು ಉಳಿಯಿತು. ಹನೂರಿನ ಕಡೆಗೆ ಹೋದರೆ ಇನ್ನೊಂದು ಸದ್ದು. ಪುಷ್ಯ ಮಾಸದ ಹುಣ್ಣಿಮೆಗೆ ಚಿಕ್ಕಲ್ಲೂರಿನ ಜಾತ್ರೆಯಲ್ಲಿ ನೀಲಗಾರರು ಮಂಟೇಸ್ವಾಮಿ, ಸಿದ್ದಪ್ಪಾಜಿಯ ಕಥೆಯನ್ನು ರಾತ್ರಿಯಿಡೀ ಹಾಡುತ್ತಾರೆ. ದೇವರಗುಡ್ಡರ ಕಂಸಾಳೆಯಲ್ಲಿ ಮಾದಪ್ಪನ ಕಾವ್ಯ ಜೀವಂತವಾಗಿದೆ. ಜನರೇ ಹೊತ್ತ ಸಾಹಿತ್ಯಕ್ಕೆ ಅರಮನೆ ಮುಚ್ಚಿದರೂ ನಷ್ಟವಾಗಲಿಲ್ಲ. ಯಳಂದೂರಿನ ಸಾಹಿತ್ಯ ಮಠ ಮತ್ತು ಅರಮನೆಯ ಆಸರೆಯದು. ಅರಮನೆಯ ಆಸರೆ ಸರಿದಾಗ ಅದು ಪುಸ್ತಕಕ್ಕೆ, ಪಠ್ಯಕ್ಕೆ, ಪರೀಕ್ಷೆಯ ಎರಡು ಅಂಕದ ಪ್ರಶ್ನೆಗೆ ಹೋಗಿ ಸೇರಿತು.

ಹೊಳೆಯ ಬದಿಯಲ್ಲಿ ದನ ಮೇಯಿಸುತ್ತಿದ್ದ ಹಿರಿಯ ಹೆಂಗಸೊಬ್ಬರನ್ನು ನೀರಿನ ಬಗ್ಗೆ ಕೇಳಿದೆ. “ಬಂದ್ರ ಗದ್ದ ನುಂಗ್ತದ, ಬರ್ದಿದ್ರ ಹೆಸ್ರು ಮಾತ್ರ ಹೊನ್ನು ಕನ ಮೊಗ” ಅಂದರು. ಮೇಲೆ ಅಟ್ಟುಗುಳಿಪುರದ ಬಳಿ ಜಲಾಶಯವಾದ ಮೇಲೆ ಹೊಳೆ ಮೊದಲಿನಂತೆ ವರ್ಷವಿಡೀ ಮಾತಾಡುವುದಿಲ್ಲ. 2022ರ ಮಳೆಗಾಲದಲ್ಲಿ ಉಕ್ಕಿ ತಾಲ್ಲೂಕಿನ ಊರುಗಳಿಗೇ ನುಗ್ಗಿತ್ತು. ಸಂಚಿಯ ಹೊನ್ನಮ್ಮ ಗೊತ್ತಾ ಅಜ್ಜಿ ಎಂದೆ. “ಯಾರ ಮನಯವಳು?” ಎಂದು ತಿರುಗಿ ಕೇಳಿದರು. ಸರಿಯಾದ ಪ್ರಶ್ನೆಯೇ. ಮುದ್ದುರಾಜನಿಗೆ ಮಂಟಪವಿದೆ. ಪೂರ್ಣಯ್ಯನವರ ಮನೆತನಕ್ಕೆ ಬಂಗಲೆಯ ನೆನಪಿದೆ. ಹೊನ್ನಮ್ಮ ಹುಟ್ಟಿದ ಮನೆ ಯಾವುದು, ಯಾವ ಬೀದಿ ಎಂದು ತೋರಿಸಲು ಒಂದು ಕಲ್ಲೂ ಇಲ್ಲ.

ಚಾಮರಾಜನಗರಕ್ಕೆ ಕಾಲಿಟ್ಟ ಮುಖ್ಯಮಂತ್ರಿ ಕುರ್ಚಿ ಕಳೆದುಕೊಳ್ಳುತ್ತಾನೆ ಎಂದು ಹೆದರಿ ದಶಕಗಳ ಕಾಲ ಅಧಿಕಾರಸ್ಥರು ಈ ಕಡೆ ಬರುವುದನ್ನೇ ತಪ್ಪಿಸಿದ್ದು ಎಲ್ಲರಿಗೂ ಗೊತ್ತು. 1997ರಲ್ಲಿ ಪ್ರತ್ಯೇಕ ಜಿಲ್ಲೆಯಾದ ಮೇಲೂ ಆ ನಂಬಿಕೆ ಹೋಗಲು ಬಹಳ ಕಾಲ ಬೇಕಾಯಿತು. ಶಾಪ ಎಂದಾಗಲಿ ಹಿಂದುಳಿದಿರುವಿಕೆ ಎಂದಾಗಲಿ ಹೇಳಿಬಿಟ್ಟರೆ ಯಾರೂ ಹೊಣೆ ಹೊರಬೇಕಾಗಿಲ್ಲ. ಇಸವಿ ಹೇಳಿದರೆ ಹಾಗಲ್ಲ. 1799ಕ್ಕೆ ಒಂದು ಸಹಿ ಇದೆ, 1807ಕ್ಕೆ ಒಂದು ಸನ್ನದು ಇದೆ, ರೈಲು ಎಲ್ಲಿ ನಿಲ್ಲಬೇಕು ಎಂಬುದಕ್ಕೆ ಒಂದು ಕಡತ ಇದೆ. ಯಾರೋ ತೀರ್ಮಾನಿಸಿದ್ದರಿಂದ ಆದದ್ದನ್ನು ಬೇರೆಯಾಗಿ ತೀರ್ಮಾನಿಸಲೂ ಬರುತ್ತದೆ.

ಯಳಂದೂರನ್ನು ಅಸಾಕುಸಾ ಮಾಡಬೇಕು ಎಂಬ ಆಸೆ ನನಗಿಲ್ಲ. ಹೊಳೆದಂಡೆಯಲ್ಲಿ ಸಾಲು ಅಂಗಡಿ ಬಂದರೆ ಈ ಊರಿಗೆ ಏನು ದಕ್ಕುತ್ತದೋ ಹೇಳುವುದು ಕಷ್ಟ. ಬೇಕಾದದ್ದು ಅದಕ್ಕಿಂತ ಸಣ್ಣದು. ಬೆಟ್ಟದ ಬಸ್ಸಿಗೆ ಇನ್ನೂ ಒಂದು ಗಂಟೆ ಇದೆ ಎಂದಾದರೆ ಬಳೆಮಂಟಪದವರೆಗೆ ನಡೆದು ಹೋಗಿ. ಕಲ್ಲಿನ ಸರಪಳಿಯ ಕೆಳಗೆ ನಿಂತು ನೋಡಿ, ಅಲ್ಲಿಂದ ಹೊಳೆಯ ಕಡೆಗೆ ಇಳಿಯಿರಿ. ಸಂಜೆಯಾದರೆ ಕಾಲೇಜು ಮುಗಿಸಿ ಕೊಳ್ಳೇಗಾಲದ ಬಸ್ಸಿನಿಂದ ಇಳಿಯುವ ಹುಡುಗಿಯರು ಸಿಗುತ್ತಾರೆ. ಅವರ ಚೀಲದಲ್ಲಿ ಕನ್ನಡ ಸಾಹಿತ್ಯ ಚರಿತ್ರೆಯ ನೋಟ್ಸು ಇರಬಹುದು. ಅದರಲ್ಲಿ ಹೊನ್ನಮ್ಮನ ಹೆಸರಿನ ಪಕ್ಕ ‘ಯಳಂದೂರು’ ಎಂದು ಬರೆದಿರುತ್ತದೆ. ಅದು ತಾವು ಈಗ ನಡೆಯುತ್ತಿರುವ ಬೀದಿಯೇ ಎಂದು ಅವರಿಗೆ ಯಾರಾದರೂ ಹೇಳಬೇಕು.